ವಿನಿಮಯ ಮೌಲ್ಯ (ಕ್ರಿಕೆಟ್)

ಐಪಿಎಲ್ ತಂಡಗಳು ಹರಾಜಿನ ಹೊರಗೆ ಆಟಗಾರರನ್ನು ಹಸ್ತಾಂತರಿಸುವಾಗ ಕಟ್ಟುವ ಬೆಲೆ. ವಿನಿಮಯ ಹಣಕ್ಕೂ ನಡೆಯಬಹುದು, ಇನ್ನೊಬ್ಬ ಆಟಗಾರನಿಗೆ ಬದಲಾಗಿಯೂ ನಡೆಯಬಹುದು. ಮೀಸಲು ಆಟಗಾರನ ಮೌಲ್ಯವನ್ನು ಅವನ ಹಿಂದಿನ ರನ್ನುಗಳಿಗಿಂತ ಕೊಳ್ಳುವ ತಂಡದ ಕೊರತೆ, ಅವನ ವಯಸ್ಸು, ಸಂಭಾವನೆ ಹಾಗೂ ದೇಹಸ್ಥಿತಿ ನಿರ್ಧರಿಸುತ್ತವೆ. ಹನ್ನೊಂದರ ಬಳಗದಲ್ಲಿ ನಾಲ್ವರು ವಿದೇಶಿಯರಿಗಷ್ಟೇ ಅವಕಾಶವಿರುವುದರಿಂದ ಭಾರತೀಯ ಆಟಗಾರರಿಗೆ ಬೇಡಿಕೆ ಹೆಚ್ಚು.

ಕರ್ನಾಟಕದ ಎಡಗೈ ಬ್ಯಾಟರ್ ದೇವದತ್ತ ಪಡಿಕ್ಕಲ್ ಇಂಥ ವಿನಿಮಯಕ್ಕೆ ನಿದರ್ಶನ. ರಾಜಸ್ಥಾನ ರಾಯಲ್ಸ್‌ನಲ್ಲಿ ಬಟ್ಲರ್–ಜೈಸ್ವಾಲ್ ಜೋಡಿಯಿಂದಾಗಿ ಆರಂಭಿಕ ಸ್ಥಾನ ತಪ್ಪಿ ಕೆಳಗಿನ ಕ್ರಮಾಂಕಕ್ಕಿಳಿದ ಅವರನ್ನು, 2023ರ ನವೆಂಬರ್‌ನಲ್ಲಿ ಲಖನೌ ತಂಡ ವೇಗಿ ಆವೇಶ್ ಖಾನ್ ಬದಲಿಗೆ ಪಡೆಯಿತು. ಆಗ ಪಡಿಕ್ಕಲ್ ಸಂಭಾವನೆ 7.75 ಕೋಟಿ, ಆವೇಶ್‌ದು 10 ಕೋಟಿ ರೂಪಾಯಿ. ಲಖನೌದಲ್ಲಿ ರನ್ ಬತ್ತಿದ ಮೇಲೆ, 2024ರ ನವೆಂಬರ್ ಹರಾಜಿನಲ್ಲಿ ಬೆಂಗಳೂರು ತಂಡ ಅವರನ್ನು ಮೂಲಬೆಲೆಯಾದ 2 ಕೋಟಿಗೇ ಕೊಂಡಿತು.