ಮೆಕ್ನರ್, ಜಾರ್ಡನ್
ಮೆಕ್ನರ್, ಜಾರ್ಡನ್ : 1964- . ಅಮೆರಿಕದ ವಿಡಿಯೊ ಗೇಮ್ ವಿನ್ಯಾಸಕ, ಚಿತ್ರಕಥಾ ಲೇಖಕ, ಚಿತ್ರಕಾದಂಬರಿಕಾರ. 'ಪ್ರಿನ್ಸ್ ಆಫ್ ಪರ್ಷಿಯಾ' ಆಟದ ಕರ್ತೃ. ನ್ಯೂಯಾರ್ಕ್‌ನಲ್ಲಿ ಹುಟ್ಟಿದ. ತಂದೆ ಫ್ರಾನ್ಸಿಸ್ ಮೆಕ್ನರ್ ಮನಶ್ಶಾಸ್ತ್ರಜ್ಞ. ವಿಯೆನ್ನಾದ ಯಹೂದಿ ಮನೆತನದವನು.

ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾಗ ಮೆಕ್ನರ್‌ನ ಗಮನ ತರಗತಿಗಿಂತ ಹೆಚ್ಚಾಗಿ ಇದ್ದುದು ಸಿನಿಮಾ ಮತ್ತು ಆಪಲ್ 2 ಕಂಪ್ಯೂಟರಿನ ಮೇಲೆ. ಅವನು ಬರೆದ 'ಡೆತ್‌ಬೌನ್ಸ್' ಎಂಬ ಆಟವನ್ನು ಬ್ರೋಡರ್‌ಬಂಡ್ ಕಂಪನಿ ಒಪ್ಪಲಿಲ್ಲ. ಆಕಾಶದಲ್ಲಿ ಬಂಡೆ ಸಿಡಿಸುವ ಆಟಗಳು ಆಗ ಬೇಕಾದಷ್ಟಿದ್ದವು. ಮುಂದಿನ ಪ್ರಯತ್ನಕ್ಕೆ ಸಿನಿಮಾದಿಂದಲೇ ಸಾಲ ತಂದ. ಕರಾಟೆ ಶಿಕ್ಷಕರೊಬ್ಬರ ಒದೆತ, ನಡಿಗೆಗಳನ್ನು ಸೂಪರ್ 8 ಫಿಲ್ಮ್‌ನಲ್ಲಿ ಹಿಡಿದು, ಒಂದೊಂದು ಚೌಕಟ್ಟನ್ನೂ ತಿದ್ದಿ ತೆಗೆದು ಕಂಪ್ಯೂಟರಿಗೆ ಇಳಿಸಿದ. ಮೂಕಿಚಿತ್ರಗಳ ಕಾಲದಲ್ಲೇ ಬಳಕೆಗೆ ಬಂದಿದ್ದ ರೋಟೋಸ್ಕೋಪ್ ವಿಧಾನ ಇದು. ಹೀಗೆ ಸಿದ್ಧವಾದ 'ಕರಾಟೆಕಾ' (1984) ಭರ್ಜರಿಯಾಗಿ ಮಾರಾಟವಾಯಿತು. ಅದಕ್ಕೆ ಸಂಗೀತ ಕಟ್ಟಿಕೊಟ್ಟವನು ತಂದೆಯೇ. ಡಿಸ್ಕನ್ನು ಮಗುಚಿ ಹಾಕಿದರೆ ಇಡೀ ಆಟ ತಲೆಕೆಳಗಾಗಿ ಓಡುತ್ತಿತ್ತು! ಸೆರೆಯಲ್ಲಿರುವ ನಾಯಕಿ ಮಾರಿಕೋಳನ್ನು ಬಿಡಿಸಲು ಹೋದ ವೀರ ಕಾದಾಟದ ಭಂಗಿಯಲ್ಲೇ ಹತ್ತಿರ ಹೋದನೋ, ಅವಳೇ ಒದ್ದು ಕೊಲ್ಲುತ್ತಿದ್ದಳು. ಮಾತಿಲ್ಲದೆ ಮೈಯ ನಿಲುವಿನಲ್ಲೇ ಕಥೆ ಹೇಳುವ ಅವನ ಜಾಣತನ ಇಲ್ಲಿಂದಲೇ ಶುರು.

1985ರಲ್ಲಿ ಪದವಿ ಮುಗಿಯಿತು. ಬಿಳಿ ಬಟ್ಟೆ ತೊಡಿಸಿ ತಮ್ಮ ಡೇವಿಡ್‌ನನ್ನು ವಾಹನ ನಿಲುಗಡೆಯ ಬಯಲೊಂದರಲ್ಲಿ ಓಡಿಸಿ, ಜಿಗಿಸಿ, ಗೋಡೆಗೆ ಜೋತುಬೀಳಿಸಿ ವಿಡಿಯೊ ತೆಗೆದ. 'ಪ್ರಿನ್ಸ್ ಆಫ್ ಪರ್ಷಿಯಾ'ದ ರಾಜಕುಮಾರನ ಓಟ ಆ ಹುಡುಗನದು. ಕತ್ತಿವರಸೆಗೆ 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಚಿತ್ರದಲ್ಲಿ ಎರಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಸೆಣಸುವ ದೃಶ್ಯ ಆಧಾರವಾಯಿತು. ಆಟ ಮುಗಿಯಲು ನಾಲ್ಕು ವರ್ಷ ಬೇಕಾಯಿತು. ನಡುವೆ ಅದನ್ನು ತಿಂಗಳುಗಟ್ಟಲೆ ಮೂಲೆಗೆಸೆದು ಚಿತ್ರಕಥೆ ಬರೆಯುತ್ತ ಕುಳಿತದ್ದೂ ಉಂಟು.

ನುಣುಪಾದ ಚಲನೆಗೆ ತೆತ್ತ ಬೆಲೆ ಕಂಪ್ಯೂಟರಿನ ಮೆಮೊರಿ. ರಾಜಕುಮಾರನ ಭಂಗಿಗಳೇ ಜಾಗವನ್ನೆಲ್ಲ ತುಂಬಿಕೊಂಡು, ಇನ್ನೊಂದು ಪಾತ್ರಕ್ಕೆ ಎಡೆಯಿಲ್ಲದಂತಾಯಿತು. ಎದುರಾಳಿಯಿಲ್ಲದ ಆಟ ಸಪ್ಪೆ ಎಂದು ಸಹೋದ್ಯೋಗಿ ಟೋಮಿ ಪಿಯರ್ಸ್ ಬಿಡದೆ ಹೇಳುತ್ತಿದ್ದಳು. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್‌ನಷ್ಟು ಸರಿಸಿ ಅದೇ ಚಿತ್ರದ ಮೇಲೆ ಬೀಳಿಸಿದ. ಮಿನುಗುವ ನೆರಳೊಂದು ಎದ್ದು ನಿಂತಿತು. ಕನ್ನಡಿಯೊಳಗಿಂದ ಹೊರಜಿಗಿದು ನಾಯಕನನ್ನೇ ಕಾಡುವ ಈ ನೆರಳನ್ನು ಹೊಡೆದರೆ ಏಟು ನಾಯಕನಿಗೇ ಬೀಳುತ್ತದೆ. ಕೊನೆಯಲ್ಲಿ ಕತ್ತಿಯನ್ನು ಒರೆಗೆ ಸೇರಿಸಿದರಷ್ಟೇ ಇಬ್ಬರೂ ಒಂದಾಗುವುದು. ಆಟದ ಅತ್ಯುತ್ತಮ ಪಾತ್ರ ಹುಟ್ಟಿದ್ದು ಬಡತನದಿಂದ. ಬಳಿಕ ಕೋಡನ್ನು ಹಿಂಡಿ ಉಳಿಸಿದ ಜಾಗದಲ್ಲಿ ಕಾವಲುಗಾರರೂ ಬಂದರು.

1989ರಲ್ಲಿ ಹೊರಬಂದಾಗ ಆಪಲ್ 2ರ ಕಾಲವೇ ಮುಗಿಯುತ್ತಿತ್ತು, ಮಾರಾಟ ನೀರಸ. ಆಟ ಗೆದ್ದದ್ದು ಜಪಾನಿನಲ್ಲಿ, ಆಮೇಲೆ ಪಿಸಿ, ಮ್ಯಾಕಿಂಟಾಷ್‌ಗಳಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಡಾಸ್ ಕಲಿಯಲು ಕಂಪ್ಯೂಟರ್ ಕ್ಲಾಸಿಗೆ ಹೋದ ಹುಡುಗರು ಮೇಷ್ಟರ ಕಣ್ಣು ತಪ್ಪಿಸಿ ಆಡಿದ 'ಪ್ರಿನ್ಸ್' ಇದೇ. ಅವರಿಗೆ ಮೆಕ್ನರ್ ಯಾರೆಂದು ತಿಳಿಯದಿದ್ದರೂ, ಆಟದ ಹೆಸರಿನ ಮುಂದೆ 'ಮೆಗಾಹಿಟ್' ಎಂದು ಟೈಪಿಸಿ ಕಳ್ಳದಾರಿ ಹಿಡಿಯುವ ಗುಟ್ಟು ತಿಳಿದಿರುತ್ತಿತ್ತು. ಎರಡನೆಯ ಭಾಗ 1993ರಲ್ಲಿ ಬಂತು.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಮೋಕಿಂಗ್ ಕಾರ್ ಪ್ರೊಡಕ್ಷನ್ಸ್ ಸ್ಥಾಪಿಸಿ 'ದಿ ಲಾಸ್ಟ್ ಎಕ್ಸ್‌ಪ್ರೆಸ್' ತಯಾರಿಗೆ ಇಳಿದ. ಟೋಮಿ ಪಿಯರ್ಸ್ ಜೊತೆ ಸೇರಿ ಬರೆದ ಈ ಕೃತಿಯ ಕಾಲ 1914ರ ಜುಲೈ, ಮಹಾಯುದ್ಧದ ಹೊಸ್ತಿಲು. ಸ್ಥಳ ಪ್ಯಾರಿಸ್‌ನಿಂದ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ ರೈಲು. ಆಡುವವನು ಕೇಳಿಸಿಕೊಳ್ಳಲಿ ಬಿಡಲಿ, ಪ್ರಯಾಣಿಕರು ತಮ್ಮ ಪಾಡಿಗೆ ಉಣ್ಣುತ್ತಾರೆ, ಜಗಳವಾಡುತ್ತಾರೆ, ಸಂಚು ಹೂಡುತ್ತಾರೆ. ತಪ್ಪಿಹೋದದ್ದನ್ನು ಹಿಡಿಯಬೇಕಾದರೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕು. ನಟರನ್ನು ಚಿತ್ರೀಕರಿಸಿ ಆರ್ಟ್ ನುವೊ ಶೈಲಿಯ ಚಿತ್ರಗಳಾಗಿ ಮಾರ್ಪಡಿಸಲಾಗಿತ್ತು. ಆದರೆ 1997ರಲ್ಲಿ ಬಿಡುಗಡೆಗೆ ಕೆಲವೇ ವಾರಗಳಿದ್ದಾಗ ಪ್ರಕಾಶಕ ಕಂಪನಿಯ ಮಾರುಕಟ್ಟೆ ವಿಭಾಗದವರು ಕೆಲಸ ಬಿಟ್ಟರು; ಜಾಹೀರಾತೇ ಇಲ್ಲದೆ ಆಟ ಮುಳುಗಿತು. ಮೆಕ್ನರ್‌ನ ಅತಿ ದೊಡ್ಡ ಸೋಲು, ಬಹುಶಃ ಅತಿ ದೊಡ್ಡ ಕೃತಿಯೂ ಇದೇ.

ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡ, ಪ್ಯಾಟ್ರಿಸ್ ದೆಸಿಲೆ ನೇತೃತ್ವದಲ್ಲಿ, 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' (2003) ರೂಪಿಸಿದಾಗ ಮೆಕ್ನರ್ ಕಥೆ ಬರೆದ. ಇಲ್ಲಿಯೂ ಕಾಲ ಹಿಂದಕ್ಕೆ ಹರಿಯುತ್ತದೆ. ಕಥೆ ಮೊದಲಾಗುವುದು ಭಾರತದ ಮಹಾರಾಜನೊಬ್ಬನ ಅರಮನೆಯ ಲೂಟಿಯಿಂದ. ನಾಯಕಿ ಫರಾ ಆ ಮಹಾರಾಜನ ಮಗಳು. ರಾಜಕುಮಾರ ತನ್ನ ಕಥೆಯನ್ನು ತಾನೇ ಹೇಳುತ್ತಿರುವುದರಿಂದ, ಆಟಗಾರ ಸತ್ತಾಗಲೆಲ್ಲ 'ಹಾಗಲ್ಲ ಆದದ್ದು' ಎಂಬರ್ಥದಲ್ಲಿ ತಿದ್ದಿಕೊಳ್ಳುತ್ತಾನೆ. 2010ರಲ್ಲಿ ಡಿಸ್ನಿ ಇದನ್ನು ಚಲನಚಿತ್ರವಾಗಿಸಿತು. ಮೊದಲ ಚಿತ್ರಕಥೆ ಮೆಕ್ನರ್‌ನದು. ಲಾಸ್ ಏಂಜಲೀಸ್‌ನಲ್ಲಿ ಒಕ್ಕಲೆಬ್ಬಿಸಲ್ಪಟ್ಟವರ ಕುರಿತ 'ಚಾವೇಸ್ ರವೀನ್' (2003) ಸಾಕ್ಷ್ಯಚಿತ್ರವನ್ನೂ ಅವನು ನಿರ್ದೇಶಿಸಿದ್ದಾನೆ. 'ಟೆಂಪ್ಲರ್' (2013) ಅವನು ಬರೆದ ಚಿತ್ರಕಾದಂಬರಿ.

ಎಳೆ ವಯಸ್ಸಿನಿಂದ ಬರೆದಿಟ್ಟ ದಿನಚರಿಗಳು ಮುಂದೆ ಪುಸ್ತಕಗಳಾಗಿ, ಆಟಗಳ ಚರಿತ್ರೆ ಬರೆಯುವವರಿಗೆ ಒಳ್ಳೆಯ ಆಕರಗಳಾದವು. ಕಳೆದುಹೋಗಿತ್ತೆಂದು ಭಾವಿಸಿದ್ದ 'ಪ್ರಿನ್ಸ್ ಆಫ್ ಪರ್ಷಿಯಾ'ದ ಮೂಲ ಕೋಡ್ 2012ರಲ್ಲಿ ತಂದೆಯ ಮನೆಯ ಕಪಾಟಿನಲ್ಲಿ, ಹಳೆಯ ಡಿಸ್ಕುಗಳ ಪೆಟ್ಟಿಗೆಯಲ್ಲಿ ಸಿಕ್ಕಿತು. ಮೆಕ್ನರ್ ಅದನ್ನು ಸಾರ್ವಜನಿಕಗೊಳಿಸಿದ. 2017ರಲ್ಲಿ ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿಗಳಲ್ಲಿ ಪಯನಿಯರ್ ಗೌರವ ದೊರೆಯಿತು. ಫ್ರಾನ್ಸಿಗೆ ಹೋಗಿ ನೆಲೆಸಿದ ಮೇಲೆ ತಾನೇ ಚಿತ್ರ ಬಿಡಿಸಿ, ಬರೆದು 2023ರಲ್ಲಿ ಫ್ರೆಂಚಿನಲ್ಲಿ ಮೊದಲು ಪ್ರಕಟಿಸಿದ 'ರೀಪ್ಲೇ' ಮೂರು ತಲೆಮಾರುಗಳ ಕಥನ. ಕರಾಟೆಕಾಕ್ಕೆ ಸಂಗೀತ ಕೊಟ್ಟ, ಡಿಸ್ಕುಗಳ ಪೆಟ್ಟಿಗೆ ಹುಡುಕಿಕೊಟ್ಟ ತಂದೆ ಅದರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಫ್ರಾನ್ಸ್‌ನಲ್ಲಿ ಅಡಗಿ ದಿನ ದೂಡುವ ಪುಟ್ಟ ಹುಡುಗ.