ತೊಳೆದು ಬಳಸುವುದೋ, ಬಳಸಿ ಬಿಸಾಡುವುದೋ?

ಈ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಮ್ಮ ತಂಡ ಆಸ್ಪತ್ರೆಯೊಂದಕ್ಕೆ ಹೋಗಿತ್ತು. ಶಸ್ತ್ರಚಿಕಿತ್ಸಾ ಕೊಠಡಿಯನ್ನು ನಿಮಗೆ ತೋರಿಸುವುದು ನಮ್ಮ ಉದ್ದೇಶ. ಆದರೆ ನಮ್ಮ ಕ್ಯಾಮರಾ ಹೆಚ್ಚು ಹೊತ್ತು ನಿಂತದ್ದು ಪಕ್ಕದ ತೊಳೆಯುವ ಕೋಣೆಯಲ್ಲಿ. ಅಲ್ಲಿ ದಾದಿಯೊಬ್ಬರು ಹಾವಿನಂಥ ಕಪ್ಪು ಕೊಳವೆಯೊಳಗೆ ಉದ್ದನೆಯ ಬ್ರಷ್ ತೂರಿಸಿ ಉಜ್ಜುತ್ತಿದ್ದರು. ದೇಹದ ಒಳಗನ್ನು ನೋಡುವ ಎಂಡೋಸ್ಕೋಪ್ ಅದು. ಇಷ್ಟು ಕಷ್ಟವೇಕೆ, ಇಂಜೆಕ್ಷನ್ ಸಿರಿಂಜಿನಂತೆ ಬಿಸಾಡಬಾರದೇ ಎಂದು ನೀವು ಕೇಳಬಹುದು. ಉತ್ತರ ಈ ಉಪಕರಣದ ಚರಿತ್ರೆಯಲ್ಲೇ ಇದೆ.

1806ರಲ್ಲಿ ಜರ್ಮನಿಯ ಫಿಲಿಪ್ ಬೊಜ್ಜಿನಿ ಎಂಬ ವೈದ್ಯ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಕ್ಕೆ ಹಾಯಿಸಿ ದೇಹದ ಒಳಗನ್ನು ಇಣುಕಿ ನೋಡಿದ. 1868ರಲ್ಲಿ ಕುಸ್‌ಮೌಲ್ ಜಠರ ನೋಡಲು ಹೊರಟಾಗ ಅವನಿಗೆ ನೆರವಾದವನು ಕತ್ತಿ ನುಂಗುವ ಕಲಾವಿದ! ಬಗ್ಗದ ಲೋಹದ ಕೊಳವೆಯನ್ನು ಬೇರೆ ಯಾರು ತಾನೇ ನುಂಗಿಯಾರು? ಆದರೆ ಬರಿಯ ಲೋಹದ ಕೊಳವೆಗೆ ಒಂದು ಅನುಕೂಲವಿತ್ತು: ಅದನ್ನು ಕುದಿಸಬಹುದು.

ಕೊಳವೆ ಬಗ್ಗುವಂತಾದದ್ದು ಗಾಜಿನ ತಂತುಗಳಿಂದ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹಾಪ್ಕಿನ್ಸ್ ಲಂಡನ್ನಿನಲ್ಲಿ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ, 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನೋದಿದ ಹಿರ್ಷೋವಿಟ್ಜ್ ಅಮೆರಿಕದ ಮಿಷಿಗನ್‌ನಲ್ಲಿ ಬಗ್ಗುವ ಜಠರದರ್ಶಕ ಮಾಡಿಸಿ, 1957ರಲ್ಲಿ ಮೊದಲು ತಾನೇ ನುಂಗಿದ. (ವಿಜ್ಞಾನ ಓದಿದವನಾಗಿ ಈ ಧೈರ್ಯಕ್ಕೆ ನನಗಿಂದಿಗೂ ಬೆರಗು.)

ತೊಡಕು ಶುರುವಾದದ್ದೂ ಅಲ್ಲಿಂದಲೇ. ಅಂಟು, ರಬ್ಬರು, ಪ್ಲಾಸ್ಟಿಕ್ಕುಗಳ ಈ ಕೊಳವೆ ಆಟೋಕ್ಲೇವಿನ 121 ಡಿಗ್ರಿ ಹಬೆಯನ್ನು ಸಾಮಾನ್ಯವಾಗಿ ತಾಳದು. ಆದ್ದರಿಂದ ಒಳನಾಳಗಳನ್ನು ಕೈಯಿಂದ ಉಜ್ಜಿ, ಗ್ಲುಟರಾಲ್ಡಿಹೈಡ್‌ನಂಥ ರಾಸಾಯನಿಕದಲ್ಲಿ ಮುಳುಗಿಸಬೇಕು. ಪಿತ್ತನಾಳ ತಲುಪುವ ಡ್ಯುಯೊಡಿನೋಸ್ಕೋಪ್‌ನ ತುದಿಯಲ್ಲಂತೂ ಮೇಲೆ ಕೆಳಗೆ ಆಡುವ ಪುಟ್ಟ ಸನ್ನೆಯೊಂದಿದೆ. ಅದರ ಸಂದಿಗೆ ಬ್ರಷ್ ಸರಿಯಾಗಿ ಹೋಗದು. 2015ರಲ್ಲಿ ಲಾಸ್ ಏಂಜಲೀಸ್‌ನ ದೊಡ್ಡ ಆಸ್ಪತ್ರೆಯಲ್ಲಿ ಇಂಥ ಉಪಕರಣದ ಮೂಲಕ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ 7 ರೋಗಿಗಳಿಗೆ ಹರಡಿದ್ದು ಬಯಲಾಯಿತು. ತಯಾರಕರ ಸೂಚನೆಯಂತೆಯೇ ಶುಚಿಗೊಳಿಸಿದ್ದೆವು ಎಂದಿತು ಆಸ್ಪತ್ರೆ. 2019ರಲ್ಲಿ ಅಮೆರಿಕದ ಎಫ್‌ಡಿಎ ಪ್ರಕಟಿಸಿದ ಪರೀಕ್ಷಾ ಮಾಹಿತಿಯಲ್ಲಿ, ತೊಳೆದ ಡ್ಯುಯೊಡಿನೋಸ್ಕೋಪ್‌ಗಳಿಂದ ಸರಿಯಾಗಿ ತೆಗೆದ ಮಾದರಿಗಳ ಪೈಕಿ ಶೇ. 5.4ರವರೆಗೆ ಅಪಾಯಕಾರಿ ಜೀವಿಗಳಿದ್ದವು. ಅದೇ ಡಿಸೆಂಬರಿನಲ್ಲಿ, ಒಮ್ಮೆ ಬಳಸಿ ಎಸೆಯುವ ಡ್ಯುಯೊಡಿನೋಸ್ಕೋಪ್‌ಗೆ ಮೊದಲ ಬಾರಿ ಅನುಮತಿ ಸಿಕ್ಕಿತು. ಶ್ವಾಸನಾಳ ನೋಡುವ ಅಂಥ ಉಪಕರಣ 2009ರಿಂದಲೇ ಇತ್ತು.

ಹಾಗಾದರೆ ಎಲ್ಲವನ್ನೂ ಎಸೆಯೋಣವೇ? ನಡುರಾತ್ರಿ ತೀವ್ರ ನಿಗಾ ಘಟಕದಲ್ಲಿ ಉಸಿರು ಕಟ್ಟಿದ ರೋಗಿಗೆ ಪೊಟ್ಟಣ ಬಿಚ್ಚಿದೊಡನೆ ಸಿಗುವ ಸಾಧನ ವರವೇ ಸರಿ. ಆದರೆ ದಿನವೂ ಹತ್ತಾರು ಜಠರ ಪರೀಕ್ಷೆ ನಡೆಯುವ ಕಡೆ, ತೊಳೆದು ಬಳಸುವ ಉಪಕರಣದ ಬೆಲೆ ಸಾವಿರಾರು ರೋಗಿಗಳಿಗೆ ಹಂಚಿಹೋಗುತ್ತದೆ. ಎಸೆಯುವುದರಲ್ಲಿ ಪ್ರತಿ ಸಲವೂ ಒಂದು ಪುಟ್ಟ ಕ್ಯಾಮರಾ ಸಹ ಕಸಕ್ಕೆ. ನನಗಿರುವ ಅಳುಕು ಬೇರೆ: ಎಸೆಯಲೆಂದೇ ಮಾಡಿದ್ದನ್ನು ದುಡ್ಡುಳಿಸಲು ತೊಳೆದು ಮತ್ತೆ ಬಳಸಿದರೆ? ತೊಳೆಯಲು ತಕ್ಕಂತೆ ಅದನ್ನು ರೂಪಿಸಿಯೇ ಇರುವುದಿಲ್ಲ.

ನಾವು ಹೊರಡುವ ಹೊತ್ತಿಗೆ ಆ ದಾದಿ ಕೊಳವೆಯನ್ನು ಬೀರುವಿನಲ್ಲಿ ನೇರವಾಗಿ ತೂಗುಹಾಕುತ್ತಿದ್ದರು. "ಕೆಲಸ ಮುಗಿಯಿತಲ್ಲ, ಸಿಸ್ಟರ್?" ಎಂದೆ. "ಒಳಗೆಲ್ಲ ಒಣಗಬೇಕು ಸಾರ್. ತೇವ ಉಳಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಬೆಳೆದುಬಿಡುತ್ತವೆ," ಎಂದರು.