ನಾಯಕನ ತಾಯಿ

'ಗೈಡ್' ಚಿತ್ರ ನಮ್ಮೂರಿಗೆ ಬಂದಾಗ ನಾನಿನ್ನೂ ಹುಡುಗ. ಹಿಂದೀ ಚಿತ್ರಗಳನ್ನು ನೋಡುವ ಚಟವನ್ನು ನನಗೆ ಅಂಟಿಸಿದವರು ನನ್ನ ಸೋದರತ್ತೆ. ಆಕೆ ಧಾರವಾಡದವರು. ದೇವಾನಂದರ ಟೋಪಿಯನ್ನೂ ವಹೀದಾ ರೆಹಮಾನರ ನೃತ್ಯವನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ನನ್ನ ತೋಳನ್ನು ಚಿವುಟಿ, ಮುದುಕಿಯೊಬ್ಬಳು ತೆರೆಯ ಮೇಲೆ ಬಂದಾಗ, "ಈಕಿ ನಮ್ಮ ಧಾರವಾಡದಾಕಿ, ನೆಟ್ಟಗ ಕೂತು ನೋಡೋ" ಎಂದಿದ್ದರು. ನಾನು ನೋಡಿದೆ. ಬಿಳಿಯ ಸೀರೆ, ಬಾಡಿದ ಮುಖ, ದೊಡ್ಡ ದೊಡ್ಡ ಕಣ್ಣು. ಅತ್ತೆಯ ಅಭಿಮಾನಕ್ಕೆ ಕಾರಣವೇನೆಂದು ಆಗ ತಿಳಿಯಲಿಲ್ಲ.

ಆಕೆ ಲೀಲಾ ಚಿಟ್ನಿಸ್. ಹುಟ್ಟಿದ್ದು 1909ರಲ್ಲಿ, ಧಾರವಾಡದಲ್ಲಿ. ತಂದೆ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು, ಮನೆಯ ಮಾತು ಮರಾಠಿ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಓದಿದವರ ದಾರಿ ಪುಣೆ, ಮುಂಬಯಿಗಳ ಕಡೆಗೇ ಹೋಗುತ್ತಿತ್ತು. ಚಿಕ್ಕ ವಯಸ್ಸಿನಲ್ಲೇ ಮದುವೆ, ನಾಲ್ಕು ಗಂಡುಮಕ್ಕಳು, ಆಮೇಲೆ ದಾಂಪತ್ಯ ಮುರಿದದ್ದು, ಶಾಲೆಯಲ್ಲಿ ಪಾಠ ಹೇಳಿದ್ದು, ಮರಾಠಿ ರಂಗಭೂಮಿ, ಅಲ್ಲಿಂದ ಚಿತ್ರ. ಮಕ್ಕಳನ್ನು ಸಾಕಬೇಕಾಗಿದ್ದ ಹೆಂಗಸಿಗೆ ಬಣ್ಣ ಹಚ್ಚುವುದು ಚಪಲವಾಗಿರಲಿಲ್ಲ. ಓದಿದ ಮನೆತನದ ಸ್ತ್ರೀಯರು ಚಿತ್ರಕ್ಕೆ ಬರುವುದು ಅಪರೂಪವಾಗಿದ್ದ ಕಾಲವೆಂಬುದನ್ನು ವಾಚಕರು ಮರೆಯಬಾರದು. 1937ರ 'ಜಂಟಲ್‌ಮನ್ ಡಾಕೂ' ಚಿತ್ರದಲ್ಲಿ ಆಕೆ ಗಂಡುಡುಪು ತೊಟ್ಟ ಠಕ್ಕಿಯಾಗಿಯೂ ನಟಿಸಿದ್ದುಂಟು.

ಭಾಗ್ಯ ತೆರೆದದ್ದು ಬಾಂಬೆ ಟಾಕೀಸಿನಲ್ಲಿ. ಜರ್ಮನ್ ನಿರ್ದೇಶಕ ಫ್ರಾಂಜ್ ಆಸ್ಟನ್ನರ 'ಕಂಗನ್' 1939ರಲ್ಲಿ ಬಂತು. ಮುಂದೆ 1940ರಲ್ಲಿ 'ಬಂಧನ್', 1941ರಲ್ಲಿ 'ಝೂಲಾ'. ಮೂರರಲ್ಲೂ ನಾಯಕ ಅಶೋಕ್ ಕುಮಾರ್. ಮೂರಕ್ಕೂ ಜನ ಮುಗಿಬಿದ್ದರು. ಕಣ್ಣಿನಿಂದ ಮಾತಾಡುವುದನ್ನು ತಾವು ಲೀಲಾ ಅವರಿಂದ ಕಲಿತುದಾಗಿ ಅಶೋಕ್ ಕುಮಾರರೇ ಹೇಳಿಕೊಂಡಿದ್ದರಂತೆ. ಅದುವರೆಗೆ ಹಾಲಿವುಡ್ಡಿನ ಸುಂದರಿಯರನ್ನಷ್ಟೇ ತೋರಿಸುತ್ತಿದ್ದ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ 1941ರಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆಯೂ ಆಕೆಯೇ. ಮರುವರ್ಷ ಸ್ವತಃ 'ಕಿಸೀಸೆ ನ ಕೆಹನಾ' ಚಿತ್ರ ನಿರ್ಮಿಸಿದರು.

ಇನ್ನು ಏಳೇ ವರ್ಷ. 1948ರ 'ಶಹೀದ್' ಚಿತ್ರದಲ್ಲಿ ಅದೇ ಲೀಲಾ ದಿಲೀಪ್ ಕುಮಾರರ ತಾಯಿ! ದಿಲೀಪ್ ಹುಟ್ಟಿದ್ದು 1922ರಲ್ಲಿ. ಎಂದರೆ ಮಗನಿಗಿಂತ ತಾಯಿ ಹದಿಮೂರು ವರ್ಷಕ್ಕೆ ಹಿರಿಯಳು. ಮೂರು ವರ್ಷ ಕಳೆದು 'ಆವಾರಾ' ಬಂದಾಗ ರಾಜ್ ಕಪೂರರ ತಾಯಿ. ಅಲ್ಲಿ ಅಂತರ ಹದಿನೈದು. ಇದರಲ್ಲೊಂದು ವಿಚಿತ್ರವಿದೆ. ನಿಜಜೀವನದಲ್ಲಿ ಮಕ್ಕಳೊಂದಿಗಳಾಗಿದ್ದಾಗ ಆಕೆಯನ್ನು ಚಿತ್ರರಂಗ ಕನ್ಯೆಯೆಂದು ಒಪ್ಪಿಕೊಂಡಿತು. ನಲವತ್ತು ತುಂಬುವ ಮುನ್ನವೇ ಮುದುಕಿಯೆಂದು ತೀರ್ಮಾನಿಸಿಬಿಟ್ಟಿತು. ಆಕೆಗಿಂತ ಎರಡೇ ವರ್ಷ ಕಿರಿಯರಾದ ಅಶೋಕ್ ಕುಮಾರರಾದರೋ 1958ರ 'ಹೌರಾ ಬ್ರಿಜ್'ನಲ್ಲಿ ಮಧುಬಾಲಾ ಅವರಿಗೆ ನಾಯಕ. ಮಧುಬಾಲಾ ಹುಟ್ಟಿದ್ದು 1933ರಲ್ಲಿ. ಲೆಕ್ಕ ವಾಚಕರೇ ಹಾಕಿಕೊಳ್ಳಲಿ.

ಕನ್ನಡದಲ್ಲಿಯೂ ಬೇರೆ ನಡೆಯಲಿಲ್ಲ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರರಿಗೆ ನಾಯಕಿಯಾಗಿದ್ದ ಪಂಡರೀಬಾಯಿ ಮುಂದೆ ಅವರಿಗೇ ತಾಯಿಯಾದರು. ಇಬ್ಬರದೂ ಸರಿಸುಮಾರು ಒಂದೇ ವಯಸ್ಸು.

ಆದರೆ ಲೀಲಾ ಅವರನ್ನು ಕೇವಲ ಅನ್ಯಾಯಕ್ಕೆ ಈಡಾದವರೆಂದು ಮರುಗಿ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಲ್ಲ. 'ಆವಾರಾ' ನೋಡಿ. ವಿಧವೆಯನ್ನು ಧೈರ್ಯದಿಂದ ಮದುವೆಯಾದ ನ್ಯಾಯಾಧೀಶ, ಡಕಾಯಿತನ ಕೈಯಿಂದ ಮರಳಿ ಬಂದ ಗರ್ಭಿಣಿ ಹೆಂಡತಿಯನ್ನು ಊರವರ ಮಾತಿಗೆ ಹೆದರಿ ಹೊರಗೆ ದಬ್ಬುತ್ತಾನೆ. ಬಿರುಗಾಳಿಯ ರಾತ್ರಿ ಬೀದಿಯಲ್ಲಿ ಅವಳಿಗೆ ಹೆರಿಗೆ. ಸೀತೆಯ ಕಥೆಯೇ ಇದೆಂದು ಪ್ರೇಕ್ಷಕನಿಗೆ ಯಾರೂ ವಿವರಿಸಬೇಕಾಗಿಲ್ಲ. ರಾಜ್ ಕಪೂರರ ಹಾಡು, ನರ್ಗಿಸರ ಚೆಲುವು ಎಲ್ಲವೂ ನಿಂತಿರುವುದು ಆ ಹೊಸ್ತಿಲಿನ ಮೇಲೆ. ತಾಯಿಗೆ ಆದದ್ದನ್ನು ನಾವು ನಂಬದಿದ್ದರೆ ಮಗನ ಸಿಟ್ಟು ಬರಿಯ ಪುಂಡಾಟಿಕೆಯಾಗಿಬಿಡುತ್ತಿತ್ತು.

'ಗಂಗಾ ಜಮುನಾ' (1961) ಚಿತ್ರದ ಗೋವಿಂದಿಯೂ ಹಾಗೆಯೇ. ಜಮೀನ್ದಾರರ ಮನೆಯ ಚಾಕರಿ, ಸುಳ್ಳು ಕಳ್ಳತನದ ಆರೋಪ, ಸಾವು. ಇರುವುದು ಸ್ವಲ್ಪ ಹೊತ್ತು. ಉಳಿದ ಚಿತ್ರವೆಲ್ಲ ಆ ಸಾವಿನ ಸಾಲವನ್ನೇ ತೀರಿಸುತ್ತದೆ. ಇನ್ನು 'ನಯಾ ದೌರ್', 'ಕಾಲಾ ಬಜಾರ್', 'ಹಮ್ ದೋನೋ'. ಪಟ್ಟಿ ಬೆಳೆಸಿ ಪ್ರಯೋಜನವಿಲ್ಲ. ಕೆಲವು ಕಡೆ ಕಣ್ಣೀರಿನ ಅಳತೆ ಮೀರಿತೆಂಬುದೂ ಸುಳ್ಳಲ್ಲ. ಕಥೆಗಾರರು ಬರೆದುಕೊಟ್ಟದ್ದೇ ಅಷ್ಟಾದರೆ ನಟಿ ಏನು ಮಾಡಿಯಾಳು?

ನನಗೆ ಹೆಚ್ಚು ಹಿಡಿಸಿದ್ದು ಅತ್ತೆ ಚಿವುಟಿ ತೋರಿಸಿದ ಆ 'ಗೈಡ್'. ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಕಾದಂಬರಿಯನ್ನು ಆಧರಿಸಿದ ಚಿತ್ರವದು. ಇಲ್ಲಿಯ ತಾಯಿ ಬರಿಯ ಒಳ್ಳೆಯವಳಲ್ಲ. ನರ್ತಕಿ ರೋಸಿಯನ್ನು ಮಗ ಮನೆಯಲ್ಲಿ ಇರಿಸಿಕೊಂಡದ್ದನ್ನು ಅವಳು ಸಹಿಸಳು. ಕೊನೆಗೆ ಮನೆಯನ್ನೇ ಬಿಟ್ಟು ಅಣ್ಣನೊಡನೆ ಹೊರಟುಹೋಗುತ್ತಾಳೆ. ನಮ್ಮ ಬುದ್ಧಿ ರೋಸಿಯ ಕಡೆಗಿರುತ್ತದೆ, ಆದರೂ ಆ ಮುದುಕಿಯನ್ನು ದ್ವೇಷಿಸಲಾಗುವುದಿಲ್ಲ. ಅಂಥ ಪಾತ್ರ ಆಕೆಗೆ ಇನ್ನಷ್ಟು ಸಿಕ್ಕಿದ್ದರೆ!

ಆಕೆ ಸುಮ್ಮನೆ ಕುಳಿತವರೂ ಅಲ್ಲ. 1955ರಲ್ಲಿ 'ಆಜ್ ಕೀ ಬಾತ್' ಚಿತ್ರವನ್ನು ನಿರ್ದೇಶಿಸಿದರು. ಸಾಮರ್ಸೆಟ್ ಮಾಮನ ನಾಟಕವೊಂದನ್ನು ರಂಗಕ್ಕೆ ಅಳವಡಿಸಿದರು. 1981ರಲ್ಲಿ 'ಚಂದೇರಿ ದುನಿಯೇತ್' ಎಂಬ ಆತ್ಮಕಥೆಯನ್ನು ಮರಾಠಿಯಲ್ಲಿ ಪ್ರಕಟಿಸಿದರು. ಕೊನೆಯ ಚಿತ್ರ 1985ರದು. ಅನಂತರ ಮಕ್ಕಳಿದ್ದ ಅಮೆರಿಕಕ್ಕೆ ಹೋದವರು, 2003ರ ಜುಲೈನಲ್ಲಿ ಅಲ್ಲಿಯ ಕನೆಕ್ಟಿಕಟ್ ಸಂಸ್ಥಾನದ ಡ್ಯಾನ್‌ಬರಿಯ ಶುಶ್ರೂಷಾಲಯವೊಂದರಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತಮೂರು.

ಈಚೆಗೆ ಒಂದು ಸಂಜೆ ಮನೆಯಲ್ಲಿ 'ಝೂಲಾ' ಹಾಕಿಕೊಂಡು ಕುಳಿತಿದ್ದೆ. ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು. "ಎಷ್ಟು ಚೆನ್ನಾಗಿದ್ದಾರೆ ತಾತ, ಯಾರು ಇವರು?" ಎಂದಳು. ನನ್ನ ಬಾಯಿಂದ ಥಟ್ಟನೆ ಬಂದ ಉತ್ತರ, "ರಾಜ್ ಕಪೂರರ ತಾಯಿ."